ಮಾಟುಂಗದಿಂದ ಡೊಂಬಿವಲಿಯ ತನಕ

ಊರಿಗೆ ಹೋದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಮ್ಮ ಚಿಕ್ಕಪ್ಪನ ಮಗನೂ ಮುಂಬಯಿಯಲ್ಲೇ ಇದ್ದಾನೆ, ನಿಮಗೆ ಸಿಗ್ತಾನಾ?" ಸಿಗೋದಿಲ್ಲ. ಅವನ ಮನೆ ವಿರಾರಿನಲ್ಲಿ, ನಮ್ಮದು ಡೊಂಬಿವಲಿಯಲ್ಲಿ. ನಡುವೆ ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೋಕಲ್ ಹಿಡಿಯಬೇಕು. ಅಷ್ಟು ಹೊತ್ತಿನಲ್ಲಿ ನೀವು ಉಡುಪಿಯಿಂದ ಮಂಗಳೂರಿಗೆ ಹೋಗಿ ವಾಪಸ್ಸೂ ಬಂದಿರುತ್ತೀರಿ.

ಇದಕ್ಕೆಲ್ಲ ಕಾರಣ ಈ ನೆಲದ ಆಕಾರ. ಬೆಂಗಳೂರಿನ ಹಾಗೆ ನಾಲ್ಕೂ ದಿಕ್ಕಿಗೆ ಹರಡಲು ಮುಂಬಯಿಗೆ ಜಾಗವೇ ಇರಲಿಲ್ಲ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ರಾಜನಿಗೆ ಕೊಟ್ಟದ್ದು, 1668ರಲ್ಲಿ ಆ ರಾಜ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿದ್ದು, ಏಳು ಸಣ್ಣ ನಡುಗಡ್ಡೆಗಳ ಈ ಪ್ರದೇಶವನ್ನೇ. ನಡುವಿನ ಕೆಸರು, ಕೊರಕಲುಗಳನ್ನು ತುಂಬಿಸಿ ಒಂದು ಮಾಡುವುದಕ್ಕೆ ನೂರಾರು ವರ್ಷ ಹಿಡಿಯಿತು. ಬಂದರು, ಕೋಟೆ, ಕಚೇರಿಗಳೆಲ್ಲ ಸೇರಿಕೊಂಡದ್ದು ದಕ್ಷಿಣದ ತುದಿಯಲ್ಲಿ. ಅಲ್ಲಿ ಮೂರು ಕಡೆಯೂ ನೀರು. ಬೆಳೆಯಲು ಉಳಿದದ್ದು ಉತ್ತರ ದಿಕ್ಕು ಒಂದೇ. 1845ರಲ್ಲಿ ಮಾಹೀಮಿನಿಂದ ಬಾಂದ್ರಾಕ್ಕೆ ಏರಿ ಕಟ್ಟಿ ರಸ್ತೆ ಮಾಡಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ರೈಲು ಓಡಿತು. ಮುಂದೆ ಊರು ಬೆಳೆದದ್ದೂ ಹಳಿಯ ಗುಂಟವೇ. ಇಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಬೀದಿ ಹೆಸರು ಹೇಳುವವರು ಕಡಿಮೆ. ಸ್ಟೇಷನ್ ಹೆಸರು, ಪೂರ್ವವೋ ಪಶ್ಚಿಮವೋ, ಅಷ್ಟೇ.

ನಮ್ಮವರಿಗೂ ಆ ಹಳಿಯೇ ಜಾಗ ತೋರಿಸಿತು. ಮೊದಮೊದಲು ಬಂದ ಹುಡುಗರು ಕೋಟೆಯ ಸುತ್ತಮುತ್ತಲ ಹೊಟೇಲುಗಳಲ್ಲಿ ಕೆಲಸ ಮಾಡಿ, ಅಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿದರು. 1896ರ ಪ್ಲೇಗಿನ ನಂತರ ಇಕ್ಕಟ್ಟು ತಗ್ಗಿಸಬೇಕೆಂದು 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗ ಭಾಗದಲ್ಲಿ ಅಚ್ಚುಕಟ್ಟಾದ ಬಡಾವಣೆಗಳನ್ನು ಮಾಡಿತು. ದಕ್ಷಿಣದವರೆಲ್ಲ ಬಂದು ಅಲ್ಲಿ ನೆಲೆ ನಿಂತರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಮಾಟುಂಗದ ಸ್ಟೇಷನ್ ಎದುರು 1942ರಿಂದ ಎಲೆ ಊಟ ಬಡಿಸುವ ರಾಮ ನಾಯಕರ ಉಡುಪಿ ಬೋರ್ಡಿಂಗ್ ಬಂತು. ಸಂಘ, ಊಟ, ಹೂವು, ತೆಂಗಿನಕಾಯಿ, ಎಲ್ಲವೂ ನಡೆದು ಹೋಗುವ ದೂರದಲ್ಲಿ. ಅದೊಂದು ಕಾಲ.

ಆ ಕಾಲ ಚದುರಿದ್ದು ಒಂದೇ ಏಟಿಗಲ್ಲ. ಮಕ್ಕಳು ದೊಡ್ಡವರಾದರು, ಒಂದು ಖೋಲಿ ಸಾಲದಾಯಿತು. ಮಾಟುಂಗದಲ್ಲಿ ಇನ್ನೊಂದನ್ನು ಕೊಳ್ಳುವುದು ಸಂಬಳದವರ ಕೈಗೆಟುಕುವ ಮಾತೇ? 1982ರ ಗಿರಣಿ ಮುಷ್ಕರದ ನಂತರ ಒಂದೊಂದಾಗಿ ಮಿಲ್ಲುಗಳು ಮುಚ್ಚಿ, ಆ ಜಾಗದಲ್ಲಿ ಮಾಲುಗಳೂ ಗಾಜಿನ ಕಚೇರಿಗಳೂ ಎದ್ದವು. ಕೊಲ್ಲಿಯಾಚೆ 1970ರಿಂದ ಸಿಡ್ಕೋ ನವಿ ಮುಂಬಯಿ ಕಟ್ಟತೊಡಗಿತ್ತು. ಆದರೆ 1992ರಲ್ಲಿ ವಾಶಿಗೆ ಲೋಕಲ್ ಮುಟ್ಟಿದ ಮೇಲೆಯೇ ಜನ ಧೈರ್ಯವಾಗಿ ಅಲ್ಲಿಗೆ ಹೋದದ್ದು. ಜನಗಣತಿಯನ್ನೇ ನೋಡಿ. ದಕ್ಷಿಣದ ನಗರ ಜಿಲ್ಲೆಯಲ್ಲಿ 2001ರಲ್ಲಿ 33 ಲಕ್ಷಕ್ಕೂ ಹೆಚ್ಚು ಜನರಿದ್ದರು, 2011ರಲ್ಲಿ 31 ಲಕ್ಷದೊಳಗೆ ಇಳಿದರು. ಉಪನಗರ ಜಿಲ್ಲೆ ಮಾತ್ರ 93 ಲಕ್ಷ ದಾಟಿತು. ಠಾಣೆ, ಕಲ್ಯಾಣ, ಡೊಂಬಿವಲಿ, ವಸಾಯಿ, ವಿರಾರ್ ಆ ಲೆಕ್ಕದಲ್ಲಿ ಸೇರಿಲ್ಲ. ಕೆಲಸ ದಕ್ಷಿಣದಲ್ಲಿ, ಹಾಸಿಗೆ ಉತ್ತರದಲ್ಲಿ! ಕೋವಿಡ್‌ಗೆ ಮುಂಚೆ ಲೋಕಲ್‌ಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಮಿಕ್ಕಿ ಜನ ಓಡಾಡುತ್ತಿದ್ದರು. ಮೂವರ ಸೀಟಿನ ಅಂಚಿನಲ್ಲಿ ಅರ್ಧ ಕೂತು ಅರ್ಧ ನೇತಾಡುವ ನಾಲ್ಕನೆಯವನಿಗೆ 'ಫೋರ್ತ್ ಸೀಟು' ಅಂತ ಹೆಸರಿದೆ. ಆ ಜಾಗಕ್ಕೂ ಸಾಲು.

ವಿಚಿತ್ರವೆಂದರೆ ಇದೇ ಹೊತ್ತಿನಲ್ಲಿ ಊರು ಹತ್ತಿರವಾಯಿತು. ಅಜ್ಜಂದಿರು ಹಡಗು ಹತ್ತಿ ಬಂದರು, ಅಪ್ಪಂದಿರು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಠಾಣೆಯಲ್ಲೋ ಪನ್ವೆಲಿನಲ್ಲೋ ಸಂಜೆ ಹತ್ತಿದರೆ ಬೆಳಿಗ್ಗೆ ಕರಾವಳಿ. ದೂರವಾದದ್ದು ಮಾಟುಂಗ.

ಕನ್ನಡ ಶಾಲೆಗಳಿಗೆ ಈ ಚದುರುವಿಕೆ ಕೊಟ್ಟ ಪೆಟ್ಟು ದೊಡ್ಡದು. ಇಂಗ್ಲಿಷಿನ ಸೆಳೆತವೂ ಇದೆ, ಇಲ್ಲವೆನ್ನಲಾರೆ; ಆದರೆ ಮಕ್ಕಳಿರುವಲ್ಲಿ ಶಾಲೆಯಿಲ್ಲ, ಶಾಲೆಯಿರುವಲ್ಲಿ ಮಕ್ಕಳಿಲ್ಲ. ಉಪನಗರಗಳಲ್ಲಿ ಹೊಸ ಸಂಘಗಳಾಗಿವೆ, ಯಕ್ಷಗಾನವೂ ಆಗುತ್ತದೆ. ಎಲ್ಲರೂ ಒಂದೆಡೆ ಕೂಡಬೇಕಾದ ದೊಡ್ಡ ಕಾರ್ಯಕ್ರಮ ಮಾತ್ರ ಭಾನುವಾರವೇ ಆಗಬೇಕು. ಹಳಿ ರಿಪೇರಿಗೆಂದು ರೈಲ್ವೆಯವರು 'ಮೆಗಾ ಬ್ಲಾಕ್' ಹಾಕಿ ಗಾಡಿ ನಿಲ್ಲಿಸುವುದೂ ಭಾನುವಾರವೇ. ಆಮಂತ್ರಣ ಬಂದಾಗ ನಮ್ಮ ಹಿರಿಯರು ಮುಖ್ಯ ಅತಿಥಿ ಯಾರೆಂದು ಆಮೇಲೆ ನೋಡುತ್ತಾರೆ; ಆ ದಿನ ಬ್ಲಾಕ್ ಯಾವ ಲೈನಿನಲ್ಲಿ ಅನ್ನುವುದನ್ನು ಮೊದಲು ವಿಚಾರಿಸುತ್ತಾರೆ.