ಸೂರಿಲ್ಲದ ಟೆನಿಸ್ ಅಂಗಳ

ಸೆಪ್ಟೆಂಬರ್ ಮಳೆಯ ಗುಣ ಹನುಮಂತನಗರದ ಹಳಬರಿಗೆ ಚೆನ್ನಾಗಿ ಗೊತ್ತು. ಹಗಲೆಲ್ಲ ಬಿಸಿಲು ಕಾದು, ಸಂಜೆ ರಾಮಾಂಜನೇಯ ಗುಡ್ಡದ ಮೇಲೆ ಮೋಡ ಕವಿಯಿತೆಂದರೆ ಬೀದಿಯ ಆಟವೆಲ್ಲ ಬಂದ್. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವ ತಿಂಗಳಿದು. 2008ರಲ್ಲಿ ಪುರುಷರ ಎಟಿಪಿ ಟೆನಿಸ್ ಟೂರ್ನಿ ಮುಂಬೈ ಬಿಟ್ಟು ನಗರಕ್ಕೆ ಬರಬೇಕಾಗಿದ್ದುದೂ ಇದೇ ತಿಂಗಳ ಕೊನೆಗೆ.

ಮಹಿಳೆಯರ ಟೂರ್ನಿ 2006ರಲ್ಲೇ ಹೈದರಾಬಾದಿನಿಂದ ಇಲ್ಲಿಗೆ ಬಂದಿತ್ತು. ಅದು ನಡೆಯುತ್ತಿದ್ದುದು ಬೇಸಿಗೆಗೆ ಮುನ್ನ, ಮಳೆಯ ಚಿಂತೆಯಿಲ್ಲದ ದಿನಗಳಲ್ಲಿ. 2008ರ ಮಾರ್ಚ್‌ನಲ್ಲಿ ಸೆಮಿಫೈನಲ್‌ಗೆ ಅಕ್ಕ ತಂಗಿಯರೇ ಎದುರುಬದುರಾದರು. ಮೂರನೇ ಸೆಟ್ಟಿನ ಟೈಬ್ರೇಕರ್‌ನಲ್ಲಿ ವೀನಸ್‌ರನ್ನು ಮಣಿಸಿದ ಸೆರೆನಾ ವಿಲಿಯಮ್ಸ್, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ವಿರುದ್ಧ 7-5, 6-3ರಲ್ಲಿ ಗೆದ್ದರು. ಆ ವರ್ಷ ಗಂಡಸರ ಆಟವೂ ಸೇರಿದ್ದರೆ ನಗರದ ಟೆನಿಸ್‌ಗೆ ಬೇರೆಯೇ ಕಳೆ ಬರುತ್ತಿತ್ತು.

ಜುಲೈ 25ರಂದು ನಗರದಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಭದ್ರತೆಯ ಕಾರಣಕ್ಕೆ ಪುರುಷರ ಟೂರ್ನಿ ರದ್ದಾಯಿತು. ಮಹಿಳೆಯರ ಟೂರ್ನಿಯೂ ಮರುವರ್ಷ ನಡೆಯಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಕ್ವಾಲಾಲಂಪುರದಲ್ಲಿ ಹೊಸ ಎಟಿಪಿ ಟೂರ್ನಿಯೊಂದು ಶುರುವಾಯಿತು. ಅದು ನಡೆದದ್ದು ಒಳಾಂಗಣದಲ್ಲಿ.

ಈ ಸೂರಿನ ಮಹಿಮೆ ಸಣ್ಣದಲ್ಲ. ಮಾಸ್ಕೋದ ಕ್ರೆಮ್ಲಿನ್ ಕಪ್ ಪುರುಷರಿಗಾಗಿ 1990ರಲ್ಲಿ ಆರಂಭವಾಗಿ, 1996ರಿಂದ ಮಹಿಳೆಯರನ್ನೂ ಸೇರಿಸಿಕೊಂಡಿತು. ರಷ್ಯಾದ ಅಕ್ಟೋಬರ್ ಚಳಿಯಲ್ಲಿ ಒಳಾಂಗಣವಲ್ಲದೆ ಗತಿಯಿಲ್ಲ. ಒಳಗೆ ಗಾಳಿಯಿಲ್ಲ, ಕಣ್ಣಿಗೆ ಬಿಸಿಲಿಲ್ಲ. ಸರ್ವ್‌ಗೆಂದು ಮೇಲಕ್ಕೆ ತೂರಿದ ಚೆಂಡು ಅತ್ತಿತ್ತ ಓಲಾಡುವುದಿಲ್ಲ. ಹಾಗಾಗಿ ಸರ್ವ್ ಬಲವಿದ್ದವರಿಗೆ ಅನುಕೂಲ. ಗಾಳಿಯನ್ನು ಪಳಗಿಸುವ ಜಾಣ್ಮೆಗೆ ಅಲ್ಲಿ ಕೆಲಸ ಕಡಿಮೆ ಎಂಬುದೂ ನಿಜವೇ.

ಬಾಂಬಿನ ಭಯವಿಲ್ಲದಿದ್ದರೂ ಆ ಟೂರ್ನಿಯನ್ನು ಬಯಲಲ್ಲಿ ಆಡಿಸಲು ಮಳೆ ಬಿಡುತ್ತಿತ್ತೇ? ಉತ್ತರದ ಒಂದು ಸುಳಿವು 2014ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ಸರ್ಬಿಯಾ ವಿರುದ್ಧ ಡೇವಿಸ್ ಕಪ್ ಪಂದ್ಯ. ಮೊದಲ ದಿನವೇ ಭಾರತ 0-2ರಿಂದ ಹಿಂದೆ. ಮರುದಿನ ಲಿಯಾಂಡರ್ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ ಎರಡು ಸೆಟ್ ಸೋತ ಮೇಲೂ ಡಬಲ್ಸ್ ಗೆದ್ದರು. ಭಾನುವಾರ ಸೋಮದೇವ್ ದೇವವರ್ಮನ್ 2-2 ಮಾಡಿದರು. ನಿರ್ಣಾಯಕ ಪಂದ್ಯಕ್ಕೆ ಯುಕಿ ಭಾಂಬ್ರಿ ಇಳಿದರು. ಆಟ ಎರಡನೇ ಸೆಟ್‌ನಲ್ಲಿದ್ದಾಗ ಮಳೆ ಸುರಿಯಿತು.

ಉಳಿದ ಆಟ ಸೋಮವಾರಕ್ಕೆ ಹೋಯಿತು. ಅಂದು ಫಿಲಿಪ್ ಕ್ರಾಯಿನೊವಿಚ್ 6-3, 6-4, 6-4ರಲ್ಲಿ ಗೆದ್ದು ಸರ್ಬಿಯಾವನ್ನು ದಡ ಸೇರಿಸಿದರು.