ಹ್ಯೂ ಥಾಂಪ್ಸನ್: ಮೈ ಲಾಯ್ ಮೇಲಿನ ಹಾರಾಟ ಮತ್ತು ಅದರ ದೀರ್ಘ ಪರಿಣಾಮ

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಓಎಚ್-23 ವೀಕ್ಷಣಾ ಹೆಲಿಕಾಪ್ಟರ್ ಮಾಡಬೇಕಿದ್ದ ಕೆಲಸ, ಮರಗಳ ನೆತ್ತಿ ಸವರುವಂತೆ ಹಾರಿ ಶತ್ರುವನ್ನು ಕೆಣಕುವುದು. ಅಡಗಿದ್ದವರು ಗುಂಡು ಹಾರಿಸಿದರೆ ಅವರ ನೆಲೆ ಗೊತ್ತಾಗುತ್ತಿತ್ತು. ಜೊತೆಗಿದ್ದ ಗನ್‌ಶಿಪ್‌ಗಳು ಎರಗುತ್ತಿದ್ದವು. ಪಾರದರ್ಶಕ ಗುಳ್ಳೆಯಂಥ ಮುಂಭಾಗದ ಆ ಪುಟ್ಟ ಯಂತ್ರದಲ್ಲಿ ಮೂವರಿಗಷ್ಟೇ ಜಾಗ. 1968ರ ಮಾರ್ಚ್ 16ರಂದು ಕ್ವಾಂಗ್ ನ್ಗಾಯ್ ಪ್ರಾಂತ್ಯದ ಮೈ ಲಾಯ್ ಒಳಗೊಂಡ ಸೋನ್ ಮೀ ಗ್ರಾಮದಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಲ್ಲುತ್ತಿದ್ದುದು ವಾರಂಟ್ ಆಫೀಸರ್ ಹ್ಯೂ ಥಾಂಪ್ಸನ್ (1943–2006) ಕಣ್ಣಿಗೆ ಇಡಿಯಾಗಿ ಬಿದ್ದದ್ದು ಇಂಥ ಹಾರಾಟದಿಂದಲೇ. ಎದುರಾಳಿಯ ಪ್ರತಿರೋಧ ಕಾಣುತ್ತಿರಲಿಲ್ಲ, ಹೆಣಗಳು ಮಾತ್ರ ಹೆಚ್ಚುತ್ತಿದ್ದವು.

ಥಾಂಪ್ಸನ್ ಗಾಯಾಳುಗಳಿಗೆ ನೆರವು ಸಿಗಲೆಂದು ಅವರ ಪಕ್ಕದಲ್ಲಿ ಹಸಿರು ಹೊಗೆಯ ಗುರುತು ಹಾಕಿದ. ಮರಳಿ ಬಂದು ನೋಡಿದರೆ ಅವರೂ ಸತ್ತಿದ್ದರು. ಗುರುತು ಹಾಕಿದ್ದ ಹೆಂಗಸೊಬ್ಬಳನ್ನು ಕ್ಯಾಪ್ಟನ್ ಒಬ್ಬ ಹತ್ತಿರದಿಂದ ಗುಂಡಿಟ್ಟು ಕೊಂದದ್ದು ಹೆಲಿಕಾಪ್ಟರಿನಲ್ಲಿದ್ದವರ ಕಣ್ಣೆದುರೇ ನಡೆಯಿತು. ಬಂಕರೊಂದರಲ್ಲಿ ಬಚ್ಚಿಟ್ಟುಕೊಂಡಿದ್ದ ಹಳ್ಳಿಗರತ್ತ ಸೈನಿಕರು ಸಾಗುತ್ತಿದ್ದಾಗ ಥಾಂಪ್ಸನ್ ಎರಡೂ ಗುಂಪುಗಳ ನಡುವೆ ಹೆಲಿಕಾಪ್ಟರ್ ಇಳಿಸಿದ. ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ತಿರುಗಿ ಹಾರಿಸಿ ಎಂದು ಜೊತೆಗಾರರಾದ ಗ್ಲೆನ್ ಆಂಡ್ರಿಯೋಟಾ, ಲಾರೆನ್ಸ್ ಕೋಲ್ಬರ್ನ್‌ಗೆ ಹೇಳಿ, ತಾನೇ ಹೋಗಿ ಹಳ್ಳಿಗರನ್ನು ಹೊರಗೆ ಕರೆತಂದ. ಸುಮಾರು ಹತ್ತು ಮಂದಿಯನ್ನು ಹೊರುವ ಶಕ್ತಿ ಅವನ ಯಂತ್ರಕ್ಕಿರಲಿಲ್ಲ. ದಾಳಿಗೆಂದೇ ಇದ್ದ ಗನ್‌ಶಿಪ್ ರೇಡಿಯೋ ಕರೆಗೆ ಓಗೊಟ್ಟು ಇಳಿದು, ಅವರನ್ನು ಎರಡು ಸರದಿಯಲ್ಲಿ ಸಾಗಿಸಿತು. ಬಳಿಕ ಹೆಣಗಳು ತುಂಬಿದ್ದ ಕಾಲುವೆಯಿಂದ ಆಂಡ್ರಿಯೋಟಾ ಜೀವಂತ ಮಗುವೊಂದನ್ನು ಎತ್ತಿ ತಂದ. ಥಾಂಪ್ಸನ್ ನೆಲೆಗೆ ಮರಳಿ ಸಿಟ್ಟಿನಿಂದಲೇ ವರದಿ ಕೊಟ್ಟ ಮೇಲೆ ಗುಂಡು ನಿಲ್ಲಿಸುವ ಆದೇಶ ಹೊರಟಿತು. ಸತ್ತವರು ಅಮೆರಿಕದ ತನಿಖೆಯ ಎಣಿಕೆಯಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504.

ಮೂರು ವಾರ ಕಳೆದು ಆಂಡ್ರಿಯೋಟಾ ಯುದ್ಧದಲ್ಲಿ ಸತ್ತ. ಥಾಂಪ್ಸನ್ ಹಾರುತ್ತಲೇ ಇದ್ದ. ಹೆಲಿಕಾಪ್ಟರಿನ ಕೊನೆಯ ಪತನದಲ್ಲಿ ಅವನ ಬೆನ್ನೆಲುಬು ಮುರಿಯಿತು. ಈ ನಡುವೆ ಸೇನೆ ಆತನಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಕೊಟ್ಟಿತು. ಅದರ ಪ್ರಶಸ್ತಿಪತ್ರವನ್ನು ಗಮನವಿಟ್ಟು ಓದಬೇಕು: ಎರಡೂ ಕಡೆಯ ಗುಂಡಿನ ಮಳೆಯಲ್ಲಿ ಸಿಲುಕಿದ್ದ ಮಗುವನ್ನು ಕಾಪಾಡಿದ ಎಂದು ಅದು ಹೊಗಳುತ್ತದೆ. ಹಾರಿದ್ದು ಒಂದೇ ಕಡೆಯ ಗುಂಡು. ಪದಕವನ್ನು ಪಡೆದವನನ್ನೇ ಸುಳ್ಳಿಗೆ ಸಾಕ್ಷಿ ಮಾಡುವ ಕಾಗದವದು. ಥಾಂಪ್ಸನ್ ಅದನ್ನು ಎಸೆದುಬಿಟ್ಟ.

1969ರ ನವೆಂಬರಿನಲ್ಲಿ ಪತ್ರಕರ್ತ ಸೀಮರ್ ಹರ್ಶ್ ವರದಿಗಳಿಂದ ಹತ್ಯಾಕಾಂಡ ಬಯಲಾಯಿತು. ಸಾಕ್ಷಿ ನುಡಿದ ಥಾಂಪ್ಸನ್‌ನನ್ನು ಬಹುಮಂದಿ ದ್ರೋಹಿಯೆಂದರು. ಶಿಕ್ಷೆಯಾಗಬೇಕಾದವನು ಅವನೇ ಎಂದು ಸಂಸತ್ತಿನ ಸಶಸ್ತ್ರ ಸೇವಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್ ಸಾರಿದರು. ಕೊಲೆ ಬೆದರಿಕೆಗಳು ಬಂದವು, ಮನೆ ಬಾಗಿಲಲ್ಲಿ ಸತ್ತ ಪ್ರಾಣಿಗಳು ಬೀಳುತ್ತಿದ್ದವು. ಹತ್ಯಾಕಾಂಡಕ್ಕಾಗಿ ಶಿಕ್ಷೆಗೊಳಗಾದ ಏಕೈಕ ಅಧಿಕಾರಿ ವಿಲಿಯಂ ಕ್ಯಾಲಿ. ಅವನಿಗೆ 1971ರಲ್ಲಿ ವಿಧಿಸಿದ ಜೀವಾವಧಿ ಶಿಕ್ಷೆ ಕೊನೆಗೆ ಸುಮಾರು ಮೂರೂವರೆ ವರ್ಷದ ಗೃಹಬಂಧನಕ್ಕಿಳಿಯಿತು.

ಕುಡಿತ, ದುಃಸ್ವಪ್ನ, ಮುರಿದ ದಾಂಪತ್ಯ ಥಾಂಪ್ಸನ್‌ನನ್ನು ದಶಕಗಳ ಕಾಲ ಕಾಡಿದವು. ಇವನ್ನು ಆಘಾತೋತ್ತರ ಒತ್ತಡದ ಕಾಯಿಲೆಯೆಂದು ಗುರುತಿಸಬಹುದು. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಅದನ್ನು ಸೇರಿಸಿಕೊಂಡಿತು. ಆದರೆ ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ವಿವರಿಸಿದ ‘ನೈತಿಕ ಗಾಯ’ ಇಲ್ಲಿ ಹೆಚ್ಚು ಹೊಂದುತ್ತದೆ: ಅಧಿಕಾರದಲ್ಲಿರುವವರೇ ನ್ಯಾಯಕ್ಕೆ ಬೆನ್ನು ತಿರುಗಿಸಿದಾಗ ಆಗುವ ಗಾಯವದು. ಥಾಂಪ್ಸನ್ ವಿಷಯದಲ್ಲಿ ಒಂದು ಬೆಳಗಿನ ದೃಶ್ಯದಷ್ಟೇ ಆಮೇಲಿನ ನಿರಾಕರಣೆಯೂ ಘಾಸಿ ಮಾಡಿರಬೇಕು.

1983ರಲ್ಲಿ ನಿವೃತ್ತನಾದ ಬಳಿಕ ಆತ ಮೆಕ್ಸಿಕೋ ಕೊಲ್ಲಿಯ ತೈಲ ಕಂಪನಿಗಳಿಗಾಗಿ ಹೆಲಿಕಾಪ್ಟರ್ ಹಾರಿಸಿದ. ಮುಂದೆ ಲೂಯಿಸಿಯಾನಾದಲ್ಲಿ ಮಾಜಿ ಯೋಧರಿಗೆ ಆಪ್ತಸಲಹೆಗಾರನಾದ. ಹತ್ಯಾಕಾಂಡ ಕುರಿತ ಬ್ರಿಟಿಷ್ ಸಾಕ್ಷ್ಯಚಿತ್ರವೊಂದನ್ನು ಕಂಡ ಕ್ಲೆಮ್ಸನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಈಗನ್ ವರ್ಷಗಟ್ಟಲೆ ಪತ್ರ ಬರೆದ ಫಲವಾಗಿ, 1998ರ ಮಾರ್ಚ್ 6ರಂದು ಮೂವರಿಗೂ ಸೋಲ್ಜರ್ಸ್ ಮೆಡಲ್ ಸಂದಿತು, ಆಂಡ್ರಿಯೋಟಾಗೆ ಮರಣೋತ್ತರವಾಗಿ. ಅದೇ ತಿಂಗಳು ಥಾಂಪ್ಸನ್, ಕೋಲ್ಬರ್ನ್ ಮೈ ಲಾಯ್‌ಗೆ ಹೋಗಿ, ತಾವು ಉಳಿಸಿದ್ದ ಹಳ್ಳಿಗರಲ್ಲಿ ಕೆಲವರನ್ನು ಕಂಡರು. ಒಂದು ಕಾಲಕ್ಕೆ ದ್ರೋಹಿ ಎನಿಸಿದ್ದವನನ್ನು ಸೇನಾ ಅಕಾಡೆಮಿಗಳು ಕೆಡೆಟ್‌ಗಳಿಗೆ ಯುದ್ಧನೀತಿ ಕುರಿತು ಮಾತನಾಡಲು ಕರೆಸಿಕೊಂಡವು. 2006ರ ಜನವರಿ 6ರಂದು ಥಾಂಪ್ಸನ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಕೋಲ್ಬರ್ನ್ ಪಕ್ಕದಲ್ಲಿದ್ದ.