ಬಸ್ರೂರು: ಅಕ್ಕಿಯ ರೇವಾಗಿದ್ದ ಒಂದು ಹಳ್ಳಿಯ ಚರಿತ್ರೆ

ಉಡುಪಿ ಜಿಲ್ಲೆಯ ಕುಂದಾಪುರ ಪಟ್ಟಣದಿಂದ ಪೂರ್ವಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿ, ವಾರಾಹಿ ನದಿಯ ದಕ್ಷಿಣ ದಂಡೆಯ ಮೇಲೆ ಬಸ್ರೂರು ಎಂಬ ಗ್ರಾಮವಿದೆ. ತೆಂಗು, ಕಂಗು, ಗದ್ದೆಬೈಲು, ಮುರಕಲ್ಲಿನ ಪಾಗಾರ, ಹಂಚಿನ ಮನೆ, ಅಲ್ಲಲ್ಲಿ ದೇವಾಲಯಗಳು — ಕರಾವಳಿಯ ಬೇರೆ ಯಾವ ಹಳ್ಳಿಗಿಂತಲೂ ಭಿನ್ನವಾದುದೇನೂ ಮೊದಲ ನೋಟಕ್ಕೆ ಕಾಣುವುದಿಲ್ಲ. ಕೊಲ್ಲೂರಿಗೆ ಹೋಗುವ ಯಾತ್ರಿಕರಾಗಲಿ, ಉಡುಪಿಯ ಪರ್ಯಾಯಕ್ಕೆ ಬರುವ ಭಕ್ತರಾಗಲಿ ಇಲ್ಲಿ ಇಳಿಯುವುದು ಅಪರೂಪ. ಆದರೆ ಒಂದು ಕಾಲದಲ್ಲಿ ಅರಬ್ಬೀ ಸಮುದ್ರದ ಆಚೆ ದಡದ ವರ್ತಕರಿಗೂ, ಗೋವೆಯ ಪೋರ್ಚುಗೀಸರಿಗೂ, ಮಲಬಾರಿನ ಡಚ್ಚರಿಗೂ ಈ ಊರಿನ ಹೆಸರು ಚಿರಪರಿಚಿತವಾಗಿತ್ತು. ಯುರೋಪಿಯನ್ನರ ನಕಾಶೆಗಳಲ್ಲಿ ಮುಂಬಯಿಯು ಇನ್ನೂ ಸಣ್ಣ ದ್ವೀಪವಾಗಿದ್ದಾಗಲೇ ‘ಬಾರ್ಸೆಲೋರ್’ ಎಂದು ಗುರುತಿಸಲ್ಪಟ್ಟಿದ್ದ ರೇವು ಇದೇ.

ನೆಲ ಮತ್ತು ನೀರು

ಬಸ್ರೂರಿನ ಚರಿತ್ರೆಯನ್ನು ಅರಿಯಬೇಕಾದರೆ ಮೊದಲು ಅದರ ನೀರನ್ನು ಅರಿಯಬೇಕು. ಪಶ್ಚಿಮ ಘಟ್ಟದಿಂದ ಇಳಿದು ಬರುವ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ–ಗಂಗೊಳ್ಳಿಗಳ ನಡುವೆ ಒಂದಾಗಿ ಒಂದೇ ಅಳಿವೆಯ ಮೂಲಕ ಸಮುದ್ರ ಸೇರುತ್ತವೆ. ಈ ಸಂಗಮಕ್ಕೆ ಪಂಚಗಂಗಾವಳಿ ಎಂದು ಹೆಸರು. ದಿನಕ್ಕೆರಡು ಬಾರಿ ಉಬ್ಬರದ ನೀರು ನದಿಯೊಳಗೆ ಏರುತ್ತದೆ. ಎರಡು ಬಾರಿ ಇಳಿಯುತ್ತದೆ. ಸಮುದ್ರದಿಂದ ಬಂದ ದೋಣಿಗಳು ಉಬ್ಬರದ ಜೊತೆಯಲ್ಲಿ ಮೇಲೇರಿ ಬಸ್ರೂರನ್ನು ತಲುಪಬಹುದಿತ್ತು. ಸರಕು ತುಂಬಿಕೊಂಡು ಇಳಿತದ ಜೊತೆಯಲ್ಲಿ ಅಳಿವೆಗೆ ಮರಳಬಹುದಿತ್ತು.

ಸಮುದ್ರದ ದಡದಲ್ಲೇ ಇರದೆ ಒಳನಾಡಿನಲ್ಲಿ ರೇವನ್ನು ಕಟ್ಟಿಕೊಂಡದ್ದರಲ್ಲಿ ಜಾಣ್ಮೆಯಿತ್ತು. ಮಳೆಗಾಲದ ಬಿರುಗಾಳಿಯಿಂದಲೂ, ಕಡಲ್ಗಳ್ಳರ ಹಠಾತ್ ದಾಳಿಯಿಂದಲೂ ಒಂದಷ್ಟು ರಕ್ಷಣೆ ಅಲ್ಲಿ ದೊರೆಯುತ್ತಿತ್ತು. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನ ಮೇಲೆ ಬರುವ ಮೆಣಸು ಮೊದಲಾದ ಸರಕಿಗೆ ದಾರಿಯೂ ಹತ್ತಿರವಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸುತ್ತಲಿನ ಬೈಲುಗಳಲ್ಲಿ ಬೆಳೆದ ಭತ್ತ ನೇರವಾಗಿ ದೋಣಿಯ ಬಳಿಗೆ ಬರುತ್ತಿತ್ತು.

ಕೇರಿಗಳು, ಹಲರು, ಸೆಟ್ಟಿಕಾರರು

ವಸು ಎಂಬ ರಾಜನು ಕಟ್ಟಿಸಿದ ಕಾರಣ ಊರಿಗೆ ವಸುಪುರವೆಂಬ ಹೆಸರು ಬಂದಿತೆಂದು ಸ್ಥಳಪುರಾಣ. ಐತಿಹ್ಯವನ್ನು ಬದಿಗಿರಿಸಿ ಶಾಸನಗಳನ್ನು ನೋಡಿದರೂ ಊರಿನ ಹಿರಿಮೆ ಸ್ಪಷ್ಟವಾಗಿಯೇ ಕಾಣುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ಈ ಪ್ರದೇಶವು ಬಾರಕೂರು ರಾಜ್ಯಕ್ಕೆ ಸೇರಿತ್ತು. ಬಾರಕೂರಿನಲ್ಲಿ ರಾಯರ ಪ್ರತಿನಿಧಿಯಾದ ಅಧಿಕಾರಿಯಿರುತ್ತಿದ್ದನು. ಬಸ್ರೂರಿನಲ್ಲಾದರೋ ದಿನನಿತ್ಯದ ವ್ಯವಹಾರವೆಲ್ಲ ಊರವರ ಕೈಯಲ್ಲೇ ಇತ್ತು. ಮೂಡುಕೇರಿ, ಪಡುವಕೇರಿ ಎಂಬ ಎರಡು ಕೇರಿಗಳು. ಕೇರಿಯ ಪ್ರಮುಖರಾದ ‘ಹಲರು’. ವರ್ತಕರ ಮುಂದಾಳುಗಳಾದ ‘ಸೆಟ್ಟಿಕಾರರು’. ಹೊರನಾಡಿನಿಂದ ಬಂದು ನೆಲೆಸಿದ ಮುಸಲ್ಮಾನ ವ್ಯಾಪಾರಿಗಳ ಕೂಟವಾದ ‘ಹಂಜಮಾನ’ — ಇವು ಶಾಸನಗಳಲ್ಲಿ ಕಾಣಿಸುವ ಹೆಸರುಗಳು. ದೇವಾಲಯಕ್ಕೆ ದತ್ತಿ ಕೊಡುವಾಗ, ತೆರಿಗೆಯನ್ನು ಬಿಟ್ಟುಕೊಡುವಾಗ ಇವರೆಲ್ಲರ ಒಪ್ಪಿಗೆ ಬೇಕಾಗುತ್ತಿತ್ತು. ಅರಸನ ಆಜ್ಞೆಯ ಜೊತೆಗೆ ಕೇರಿಯ ಮಾತಿಗೂ ಬೆಲೆಯಿದ್ದ ಪಟ್ಟಣವದು.

14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು ‘ಅಬೂ ಸರೂರ್’ ಎಂಬ ಊರನ್ನು ಹೆಸರಿಸುತ್ತಾನೆ. ದೊಡ್ಡ ಹಿನ್ನೀರಿನ ದಂಡೆಯ ಮೇಲೆ ತೆಂಗಿನ ಮರಗಳ ನಡುವೆ ಇರುವ ಊರು ಎಂಬುದು ಅವನ ವರ್ಣನೆ. ಅಲ್ಲಿಂದ ಮುಂದೆ ಅವನು ತಲುಪಿದ್ದು ‘ಫಾಕನೂರ್’ ಅಂದರೆ ಬಾರಕೂರನ್ನು. ಆದಕಾರಣ ಅಬೂ ಸರೂರ್ ಎಂದರೆ ಬಸ್ರೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆರು ನೂರೈವತ್ತು ವರ್ಷಗಳ ಹಿಂದಿನ ಆ ತೆಂಗಿನ ತೋಟದ ವರ್ಣನೆ ಇಂದಿಗೂ ಸುಳ್ಳಾಗಿಲ್ಲ.

ಮುಡಿ ಅಕ್ಕಿ ಕಡಲು ದಾಟಿದ ಬಗೆ

ಮೆಣಸಿನ ಕಥೆ ಎಲ್ಲರಿಗೂ ಗೊತ್ತು. ಬಸ್ರೂರಿನ ವೈಶಿಷ್ಟ್ಯವೆಂದರೆ ಅದು ಮುಖ್ಯವಾಗಿ ಅಕ್ಕಿಯ ರೇವಾಗಿತ್ತೆಂಬುದು. ಗೋವೆಯಲ್ಲಿ ಪೋರ್ಚುಗೀಸರ ಪಟ್ಟಣಕ್ಕೆ ಸಾಲುವಷ್ಟು ಅಕ್ಕಿ ಬೆಳೆಯುತ್ತಿರಲಿಲ್ಲ. ಮಲಬಾರಿನ ಬಹುಭಾಗ ಮೆಣಸಿನ ತೋಟ. ಅರೇಬಿಯಾದ ಮಸ್ಕತ್, ಪಾರಸ ಕೊಲ್ಲಿಯ ಹೊರ್ಮುಜ್ ಮರಳುಗಾಡಿನ ರೇವುಗಳು. ಇವರೆಲ್ಲರಿಗೂ ಊಟ ಒದಗಿಸುತ್ತಿದ್ದುದು ಕೆನರಾ ಕರಾವಳಿಯ ಗದ್ದೆಗಳು. ಕಾರ್ತಿ, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯಬಲ್ಲ ಬೈಲುಗಳು ಇಲ್ಲಿದ್ದುದೇ ಇದಕ್ಕೆ ಕಾರಣ. 17ನೆಯ ಶತಮಾನದ ಮೊದಲರ್ಧದ ಈ ಅಕ್ಕಿ ವ್ಯಾಪಾರವನ್ನು ಕುರಿತು ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಅವರು 1984ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಬಸ್ರೂರಿನ ಹೆಸರಿದೆ.

16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸಾ ಈ ಕರಾವಳಿಯ ಅಕ್ಕಿಯ ದರ್ಜೆಗಳನ್ನು ಹೆಸರಿಸಿ ಬರೆದಿದ್ದಾನೆ. ಅವುಗಳಲ್ಲಿ ಉತ್ತಮವಾದದ್ದು ‘ಗಿರಸಾಲ್’. ನಮ್ಮ ಹಿರಿಯರು ಹಬ್ಬದಡುಗೆಗೆ ಬಳಸುತ್ತಿದ್ದ ಜೀರಸಾಲೆಯ ಧ್ವನಿ ಈ ಹೆಸರಿನಲ್ಲಿ ಕೇಳದಿರದು. ಪೋರ್ಚುಗೀಸರು ತಮ್ಮ ಲೆಕ್ಕಪುಸ್ತಕಗಳಲ್ಲಿ ಅಕ್ಕಿಯನ್ನು ‘ಫಾರ್ದೊ’ ಎಂಬ ಅಳತೆಯಲ್ಲಿ ಬರೆದಿಡುತ್ತಿದ್ದರು. ಫಾರ್ದೊ ಎಂದರೆ ಕಟ್ಟು. ಈ ಕರಾವಳಿಯಲ್ಲಿ ಅಕ್ಕಿಯ ಕಟ್ಟು ಎಂದರೆ ಮುಡಿ. ಒಣಗಿದ ಬೈಹುಲ್ಲನ್ನು ಹರಡಿ, ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು ಗುಂಡಗೆ ಮಾಡಿದ ಮುಡಿಯಲ್ಲಿ ಸಾಮಾನ್ಯವಾಗಿ 42 ಸೇರು ಅಕ್ಕಿ ಹಿಡಿಯುತ್ತದೆ. ಚೆನ್ನಾಗಿ ಕಟ್ಟಿದ ಮುಡಿಯೊಳಗೆ ಮಳೆಗಾಲದ ತೇವವೂ ಹುಳುವೂ ಸುಲಭವಾಗಿ ಸೇರವು. ಹಡಗಿನ ತಳದಲ್ಲಿ ಒಂದರ ಮೇಲೊಂದು ಪೇರಿಸಿ ವಾರಗಟ್ಟಲೆ ಸಾಗಿಸಲು ಇದಕ್ಕಿಂತ ಅಗ್ಗದ, ಗಟ್ಟಿಯಾದ ಮೂಟೆ ಆ ಕಾಲದಲ್ಲಿ ಇರಲಿಲ್ಲ.

ಉಡುಪಿಯ ಪರ್ಯಾಯವನ್ನು ಬಲ್ಲವರಿಗೆ ಮುಡಿ ಅಪರಿಚಿತವಲ್ಲ. ಪರ್ಯಾಯದ ಪೂರ್ವಭಾವಿಯಾಗಿ ನಡೆಯುವ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳಲ್ಲಿ ಅಕ್ಕಿ ಮುಹೂರ್ತದಂದು ಅಕ್ಕಿಯ ಮುಡಿಗೆ ಪೂಜೆ ಸಲ್ಲಿಸಿ ಮೆರವಣಿಗೆಯಲ್ಲಿ ತರುವುದು ಸಂಪ್ರದಾಯ. ಎರಡು ವರ್ಷಗಳ ಅನ್ನದಾನಕ್ಕೆ ಧಾನ್ಯ ಕೂಡಿಸುವ ಸಂಕಲ್ಪ ಅದು. ಎರಡು ವರ್ಷಗಳ ಪರ್ಯಾಯ ಪದ್ಧತಿಯನ್ನು ನೆಲೆಗೊಳಿಸಿದ ಶ್ರೀ ವಾದಿರಾಜ ಗುರುಸಾರ್ವಭೌಮರು ಜನಿಸಿದ ಹೂವಿನಕೆರೆ ಇರುವುದೂ ಇದೇ ಸೀಮೆಯಲ್ಲಿ, ಕುಂಭಾಶಿಯ ಸಮೀಪ. ಪರಂಪರೆಯ ಪ್ರಕಾರ ಅವರ ಜನನ 1480ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ಅಂದರೆ ವಾದಿರಾಜರು ತರುಣ ಯತಿಗಳಾಗಿದ್ದ ದಿನಗಳಲ್ಲಿಯೇ ಅವರ ಹುಟ್ಟೂರಿನ ಪಕ್ಕದ ಅಳಿವೆಯಲ್ಲಿ ಪರಂಗಿಯವರ ಹಡಗುಗಳು ಕಾಣಿಸಿಕೊಳ್ಳತೊಡಗಿದ್ದವು.

ಮೇಲಿನ ಬಸ್ರೂರು, ಕೆಳಗಿನ ಬಸ್ರೂರು

ಅಕ್ಕಿಯ ಮೇಲೆ ಹಿಡಿತವಿದ್ದವರಿಗೆ ಗೋವೆಯ ಮೇಲೂ ಹಿಡಿತವಿರುತ್ತದೆಂಬುದು ಪೋರ್ಚುಗೀಸರಿಗೆ ಬೇಗನೆ ತಿಳಿಯಿತು. 1565ರ ರಕ್ಕಸತಂಗಡಿ ಯುದ್ಧದ ಅನಂತರ ವಿಜಯನಗರದ ಶಕ್ತಿ ಕುಂದಿದಾಗ ಅವರು ತಡಮಾಡಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರವನ್ನೂ ಬಸ್ರೂರಿನ ಅಳಿವೆಯನ್ನೂ ವಶಪಡಿಸಿಕೊಂಡನು. ಅಂದಿನಿಂದ ಎರಡು ಬಸ್ರೂರುಗಳಾದವು: ಅಳಿವೆಯ ಕಡೆಗೆ ಪೋರ್ಚುಗೀಸರ ಕೋಟೆಯಿದ್ದ ‘ಕೆಳಗಿನ ಬಾರ್ಸೆಲೋರ್’, ನದಿಯ ಮೇಲ್ಭಾಗದಲ್ಲಿ ಊರ ವರ್ತಕರ ‘ಮೇಲಿನ ಬಾರ್ಸೆಲೋರ್’. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇತ್ತ ಬಂದಾಗ ಈ ಎರಡನ್ನೂ ಬೇರೆ ಬೇರೆಯಾಗಿಯೇ ಗುರುತಿಸಿದನು.

ಕೋಟೆ ಇದ್ದರೂ ಪೋರ್ಚುಗೀಸರಿಗೆ ಊರು ದಕ್ಕಲಿಲ್ಲ. ಅಕ್ಕಿಯಿದ್ದುದು ಮೇಲಿನ ಬಸ್ರೂರಿನ ಸೆಟ್ಟಿಕಾರರ ಕಣಜಗಳಲ್ಲಿ. ಅದನ್ನು ಕೊಳ್ಳಬೇಕಾದರೆ ಅವರೊಡನೆಯೇ ವ್ಯವಹರಿಸಬೇಕು. ಕಡೆಗೆ ಕೆಳದಿಯ ಶಿವಪ್ಪನಾಯಕನು 1652ರಿಂದ 1654ರೊಳಗೆ ಹೊನ್ನಾವರ, ಬಸ್ರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕೈವಶ ಮಾಡಿಕೊಂಡನು. ಭೂಕಂದಾಯದ ‘ಶಿಸ್ತು’ ನಿಗದಿಪಡಿಸಿ ಜನಮನದಲ್ಲಿ ಉಳಿದ ಈ ಅರಸನಿಂದಾಗಿ ಕರಾವಳಿಯ ಅಕ್ಕಿ ಮತ್ತೆ ನಾಡಿನ ಅರಸೊತ್ತಿಗೆಯ ಅಧೀನಕ್ಕೆ ಬಂದಿತು.

1665ರ ಫೆಬ್ರವರಿ

ಬಸ್ರೂರಿನ ಹೆಸರು ಮಹಾರಾಷ್ಟ್ರದ ಇತಿಹಾಸ ಗ್ರಂಥಗಳಲ್ಲಿ ಬರುವುದು ಒಂದೇ ಒಂದು ಪ್ರಸಂಗಕ್ಕಾಗಿ. 1664ರ ಜನವರಿಯಲ್ಲಿ ಸೂರತ್ತಿನ ಮೇಲೆ ದಾಳಿ ನಡೆಸಿದ್ದ ಶಿವಾಜಿ ಮಹಾರಾಜರು ಮರುವರ್ಷದ ಫೆಬ್ರವರಿಯಲ್ಲಿ ಮಾಲವಣದಿಂದ 3 ದೊಡ್ಡ ಹಡಗುಗಳು ಹಾಗೂ 85 ಚಿಕ್ಕ ಹಡಗುಗಳೊಡನೆ ಸ್ವತಃ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಸೂರೆಗೊಂಡರು. ಹಿಂತಿರುಗುವಾಗ ಗೋಕರ್ಣಕ್ಕೆ ಬಂದು, ಹೆಚ್ಚಿನ ಹಡಗುಗಳನ್ನು ಹಿಂದಕ್ಕೆ ಕಳುಹಿಸಿ, ಭೂಮಾರ್ಗವಾಗಿ ಅಂಕೋಲೆಯ ಮೂಲಕ ಕಾರವಾರವನ್ನು ಸೇರಿದರು. ಕಾರವಾರದ ಇಂಗ್ಲಿಷ್ ಕೋಠಿಯವರು ತಮ್ಮ ಪಾಲಿಗೆ 112 ಪೌಂಡ್ ಕಪ್ಪ ಕೊಟ್ಟು ಪಾರಾದರು. ಅವರ ಪತ್ರಗಳಿಂದಲೇ ಈ ಸಂಗತಿಗಳು ತಿಳಿದುಬಂದಿವೆ.

ಮಹಾರಾಷ್ಟ್ರದಲ್ಲಿ ಈ ಘಟನೆಯು ಮರಾಠಾ ನೌಕಾಬಲದ ಉದಯದ ಹೆಮ್ಮೆಯ ಅಧ್ಯಾಯ, ಅದು ಸಹಜವೇ. ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಲು ನಡೆದ ಯಾತ್ರೆಯಿದು ಎಂಬ ಮಾತೂ ಕೆಲವೊಮ್ಮೆ ಕೇಳಿಬರುತ್ತದೆ. ಆದರೆ ಕಾಲಾನುಕ್ರಮ ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸರ ಕೋಟೆ ಹತ್ತು ವರ್ಷಗಳ ಹಿಂದೆಯೇ ಕೆಳದಿಯ ಪಾಲಾಗಿತ್ತು. 1665ರಲ್ಲಿ ಬಸ್ರೂರು ಕೆಳದಿಯ ಒಂದನೆಯ ಸೋಮಶೇಖರನಾಯಕನ ರಾಜ್ಯಕ್ಕೆ ಸೇರಿದ ಶ್ರೀಮಂತ ರೇವು. ಮೊಗಲರೊಡನೆ ಹೋರಾಡಲು ಹಣ ಬೇಕಾಗಿದ್ದ ಅರಸರಿಗೆ ಅದರ ಸಂಪತ್ತು ಕಣ್ಣಿಗೆ ಬಿದ್ದಿತು. ಒಂದೇ ಘಟನೆ ಹಡಗಿನಲ್ಲಿ ಬಂದವರಿಗೆ ವಿಜಯ, ದಂಡೆಯ ಮೇಲಿದ್ದವರಿಗೆ ವಿಪತ್ತು. ಎರಡನ್ನೂ ಹೇಳಿದಾಗಲೇ ಚರಿತ್ರೆ ಪೂರ್ಣವಾಗುತ್ತದೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿ ಎರಡೂ ನಾಡುಗಳ ಅನ್ನವನ್ನುಂಡ ಕನ್ನಡಿಗರಿಗೆ ಇದು ಒಪ್ಪಲಾಗದ ಮಾತಲ್ಲ.

ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. 1689ರಲ್ಲಿ ಸಂಭಾಜಿಯ ವಧೆಯ ಬಳಿಕ ಶಿವಾಜಿ ಮಹಾರಾಜರ ಕಿರಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಾಗ, ಅವನಿಗೆ ಆಶ್ರಯ ಕೊಟ್ಟು ಸುರಕ್ಷಿತವಾಗಿ ದಾಟಿಸಿದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಮೊಗಲರ ಕೋಪ ತನ್ನ ರಾಜ್ಯದ ಮೇಲೆ ತಿರುಗುವುದೆಂದು ತಿಳಿದೇ ಅವಳು ಈ ನಿರ್ಧಾರ ಮಾಡಿದಳು. ಮೊಗಲ ಸೈನ್ಯ ಬಂದಾಗ ಎದುರಿಸಿದಳು. ಯಾರ ತಂದೆಯಿಂದ ತನ್ನ ಗಂಡನ ಕಾಲದಲ್ಲಿ ರೇವುಪಟ್ಟಣ ಸೂರೆಹೋಗಿತ್ತೋ ಆ ತರುಣನೇ ಶರಣು ಬಂದಾಗ ಅವಳು ಹಳೆಯ ಲೆಕ್ಕವನ್ನು ತೆಗೆಯಲಿಲ್ಲ.

ಪಟ್ಟಣ ಹಳ್ಳಿಯಾದ ಕಥೆ

ಒಂದು ದಾಳಿಯಿಂದ ಬಸ್ರೂರು ಅಳಿಯಲಿಲ್ಲ. ಅದಾದ ಮೇಲೆಯೂ ಡಚ್ಚರು ಮಲಬಾರಿನ ತಮ್ಮ ಕೋಟೆಗಳಿಗೆ ಅಕ್ಕಿ ಒದಗಿಸಿಕೊಳ್ಳಲು ಇಲ್ಲಿ ಕೋಠಿಯಿಟ್ಟಿದ್ದರು. ಅವನತಿ ನಿಧಾನವಾಗಿ, ಹಲವು ಕಾರಣಗಳಿಂದ ಬಂದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿಯ ಆಶ್ರಯ ತಪ್ಪಿತು. ಮಂಗಳೂರು ಮುಖ್ಯ ಬಂದರಾಯಿತು. 1799ರ ಅನಂತರ ಕಂಪನಿ ಸರಕಾರದ ಆಡಳಿತ ಬಂದು ಕುಂದಾಪುರ ತಾಲೂಕು ಕೇಂದ್ರವಾಗಿ ಬೆಳೆಯಿತು. ಹಡಗುಗಳು ದೊಡ್ಡವಾದಂತೆ ಅಳಿವೆಯ ಮರಳದಿಣ್ಣೆಯನ್ನು ದಾಟಿ ನದಿಯೊಳಗೆ ಬರುವುದು ಅಸಾಧ್ಯವಾಯಿತು. ರಸ್ತೆ, ಸೇತುವೆಗಳಾದಾಗ ಮಂಜಿಗಳ ಕೆಲಸವೂ ಕಡಿಮೆಯಾಯಿತು. ಯಾವ ಒಳನಾಡಿನ ಸುರಕ್ಷಿತ ದಂಡೆಯಿಂದ ಊರು ಬೆಳೆದಿತ್ತೋ, ಅದೇ ದೂರ ಈಗ ತೊಡಕಾಯಿತು.

1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದಾಗ ಸಾರಿಗೆಯ ದಾರಿ ಮತ್ತೊಮ್ಮೆ ಬಸ್ರೂರಿನ ಸಮೀಪಕ್ಕೆ ಬಂದಿತು. ಕುಂದಾಪುರದ ರೈಲು ನಿಲ್ದಾಣವಿರುವುದು ಪಟ್ಟಣದಲ್ಲಲ್ಲ, ಬಸ್ರೂರಿನ ಕಡೆಗಿರುವ ಮೂಡ್ಲಕಟ್ಟೆಯಲ್ಲಿ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಈ ಸೀಮೆಯ ಹಿರಿಯರು ಒಂದು ಕಾಲಕ್ಕೆ ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಮಾಡಿದ ಪ್ರಯಾಣವನ್ನು ಈಗ ಮಕ್ಕಳು ಮೊಮ್ಮಕ್ಕಳು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ.

ಉಳಿದಿರುವುದು, ಉಳಿಯಬೇಕಾದುದು

ಇಂದು ಬಸ್ರೂರಿಗೆ ಹೋದವರಿಗೆ ಮಹಾಲಿಂಗೇಶ್ವರ, ವೆಂಕಟರಮಣ ಮೊದಲಾದ ದೇವಾಲಯಗಳು ಕಾಣಸಿಗುತ್ತವೆ. ಇವುಗಳ ನಡುವೆ ಅತ್ಯಂತ ವಿಶಿಷ್ಟವಾದುದು ತುಳುವೇಶ್ವರನ ಸನ್ನಿಧಿ. ಬೃಹತ್ತಾದ ಮರವೊಂದರ ಬೇರುಗಳೇ ಗೋಡೆಗಳನ್ನು ತಬ್ಬಿಕೊಂಡು ಗುಡಿಯಾಗಿ ನಿಂತಿವೆ. ಬಸ್ರೂರಿನ ಜನರ ಆಡುಮಾತು ತುಳುವಲ್ಲ, ಕುಂದಾಪುರದ ಕನ್ನಡ. ಅಂಥ ಊರಿನಲ್ಲಿ ತುಳುವರ ಈಶ್ವರನೆಂಬ ಹೆಸರು ಉಳಿದಿರುವುದು ತುಳುವ ದೇಶದ ಹಳೆಯ ವಿಸ್ತಾರಕ್ಕೆ ಕುರುಹಾಗಿದೆ.

ಡಾ. ಪಿ. ಗುರುರಾಜ ಭಟ್ಟ, ಡಾ. ಕೆ. ವಿ. ರಮೇಶ್ ಮೊದಲಾದ ವಿದ್ವಾಂಸರು ಈ ಜಿಲ್ಲೆಯ ಶಾಸನ, ಶಿಲ್ಪಗಳನ್ನು ಊರೂರು ತಿರುಗಿ ಪರಿಶೀಲಿಸಿದ್ದರಿಂದಲೇ ಹಲರ, ಸೆಟ್ಟಿಕಾರರ ಕಥೆ ನಮಗೆ ದಕ್ಕಿದೆ. ಅವರು ಓದಿದ್ದು ದೇವಾಲಯದ ಅಂಗಳದಲ್ಲೋ ಗದ್ದೆಯ ಅಂಚಿನಲ್ಲೋ ನಿಂತಿದ್ದ ಕಲ್ಲುಗಳನ್ನು. ಕರಾವಳಿಯ ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಹೊರನಾಡಿನ ಭಕ್ತಕುಟುಂಬಗಳು ಉದಾರವಾಗಿ ನೆರವಾಗುತ್ತಿರುವುದು ಸಂತೋಷದ ವಿಷಯ. ಆದರೆ ಹಳೆಯ ನೆಲಗಟ್ಟನ್ನು ಕಿತ್ತು ಗ್ರಾನೈಟ್ ಹಾಸುವಾಗ, ಗೋಡೆಗೆ ಬಣ್ಣ ಬಳಿಯುವಾಗ, ಅಕ್ಷರವಿರುವ ಕಲ್ಲೊಂದು ತಳಪಾಯದೊಳಗೆ ಸೇರಿಹೋದರೆ ಅದನ್ನು ಮತ್ತೆ ಪಡೆಯಲಾಗದು. ಕೆಲಸ ಆರಂಭಿಸುವ ಮೊದಲು ಕಲ್ಲುಗಳನ್ನು ಬಲ್ಲವರಿಗೆ ತೋರಿಸಿ, ಅಚ್ಚು ತೆಗೆಸಿ, ಅಂಗಳದಲ್ಲೇ ಒಂದೆಡೆ ನಿಲ್ಲಿಸಲು ದೊಡ್ಡ ಖರ್ಚೇನೂ ತಗಲುವುದಿಲ್ಲ. ದೇಣಿಗೆ ಕಳುಹಿಸುವವರು ಈ ಒಂದು ಮಾತನ್ನು ಕೇಳಿಕೊಂಡರೆ ಸಾಕು.

ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳು ಉಡುಪಿ, ಕುಂಭಾಶಿ, ಕೊಲ್ಲೂರುಗಳ ಯಾತ್ರೆಯ ನಡುವೆ ಅರ್ಧ ದಿನವನ್ನು ಬಸ್ರೂರಿಗೆ ಮೀಸಲಿಡಬಹುದು. ಮಕ್ಕಳಿಗೆ ತೋರಿಸಲು ಅಲ್ಲಿ ಅರಮನೆಯಿಲ್ಲ, ವಸ್ತುಸಂಗ್ರಹಾಲಯವಿಲ್ಲ. ಒಂದು ನದಿಯಿದೆ, ಉಬ್ಬರದ ನೀರು ಈಗಲೂ ದಿನಕ್ಕೆರಡು ಬಾರಿ ಅಲ್ಲಿಗೆ ಏರಿ ಬರುತ್ತದೆ.